ಕಾಲಿಗೆ ಗರಿಯಿರುವ ಕೋಳಿ: ಜುಟ್ಟು ನೋಡಿ ಕೊಳ್ಳಿ, ನಿಧಾನವಾಗಿ ಬೆಳೆಸಿ

ಕಾಲಿನ ಮೇಲೆ ಗರಿ ಕಂಡರೆ ಸಾಕು, ಬ್ರಹ್ಮಾ ಎಂಬ ಭಾರಿ ಮೈಯ ತಳಿಯ ಹೆಸರಿಟ್ಟು ದುಪ್ಪಟ್ಟು ಬೆಲೆ ಹೇಳುವವರು ನಮ್ಮ ಮಂಡ್ಯದ ಕಡೆಯ ಸಂತೆಗಳಲ್ಲಿ ಇದ್ದಾರೆ. ಗರಿಯೊಂದನ್ನೇ ನಂಬಬೇಡಿ. ನಾಟಿ ಹೇಂಟೆಗೆ ಬ್ರಹ್ಮಾ ಹುಂಜ ಕೂಡಿದರೂ ಮರಿಯ ಕಾಲಿಗೆ ಗರಿ ಬರುತ್ತದೆ. ಕೋಳಿಯನ್ನು ಕೈಗೆತ್ತಿಕೊಂಡು ಮೊದಲು ಜುಟ್ಟು ನೋಡಿ. ಬ್ರಹ್ಮಾದ ಜುಟ್ಟು ಗಿಡ್ಡ, ತಲೆಗೆ ಅಂಟಿಕೊಂಡಿರುತ್ತದೆ. ಉದ್ದಕ್ಕೆ ಮೂರು ಏಣು, ನಡುವಿನದು ತುಸು ಎತ್ತರ. ಹುಬ್ಬು ಕಣ್ಣಿನ ಮೇಲೆ ಸೂರು ಇಳಿಸಿದಂತೆ ಚಾಚಿರುತ್ತದೆ. ಕಾಲಿಗೆ ಗರಿಯಿರುವ ಇನ್ನೊಂದು ತಳಿ ಕೊಚಿನ್‌ಗೆ ಹಲ್ಲು ಹಲ್ಲಾದ ಒಂಟಿ ಜುಟ್ಟು, ಮೈ ದುಂಡಗೆ. ಎರಡಕ್ಕೂ ಸಾಮಾನ್ಯವಾಗಿ ಹಳದಿ ಕಾಲು. ಒಂಟಿ ಜುಟ್ಟಿದ್ದು ಕಾಲು ಕಪ್ಪಗಿದ್ದರೆ ಲ್ಯಾಂಗ್‌ಶಾನ್ ತಳಿ ಇರಬಹುದು. ಗಡ್ಡ, ಐದನೆಯ ಬೆರಳು ಎರಡೂ ಇದ್ದರೆ ಫೇವರೋಲ್ ತಳಿ ಇರಬಹುದು.

ಬಲಿತ ಬ್ರಹ್ಮಾ ಹುಂಜ 5 ಕಿಲೋ ದಾಟುತ್ತದೆ. ಆ ತೂಕ ಬೇಗ ಬರಲಿ ಎಂದು ಮುಸುಕಿನ ಜೋಳ ಸುರಿಯಬೇಡಿ. ಕೊಬ್ಬು ಏರಿ, ಎಳೆಯ ಕಾಲು ಆ ಭಾರ ಹೊರಲಾರದೆ ಕೋಳಿ ಕುಂಟುತ್ತದೆ. ಮೊದಲ 8 ವಾರ ಶೇ 20ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್ (ಮರಿಗಳ ಆಹಾರ) ಕೊಡಿ, ಆಮೇಲೆ ಶೇ 16ರ ಗ್ರೋವರ್ (ಬೆಳೆಯುವ ಕೋಳಿಯ ಆಹಾರ). ಮೊಟ್ಟೆ ಶುರುವಾಗುವ ತನಕ ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಯ ಆಹಾರ) ಬೇಡವೇ ಬೇಡ. ಅದರಲ್ಲಿರುವ ಶೇ 3.5ರಷ್ಟು ಕ್ಯಾಲ್ಸಿಯಂ ಎಳೆಯ ಕೋಳಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಈ ಹೇಂಟೆಗಳು 7 ತಿಂಗಳಾದರೂ ಮೊಟ್ಟೆ ಇಡದಿದ್ದರೆ ಗಾಬರಿಯಾಗಬೇಡಿ, ಅವುಗಳ ಜಾತಿಯೇ ನಿಧಾನ. ಇಡಲು ತೊಡಗಿದ ಮೇಲೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟನ್ನು ಅವೇ ತಿನ್ನುತ್ತವೆ.

ಸಂಜೆ ಸ್ವಲ್ಪ ರಾಗಿ, ಹಿತ್ತಲಿನ ನುಗ್ಗೆಸೊಪ್ಪು ಧಾರಾಳವಾಗಿ ಸಲ್ಲುತ್ತದೆ. ಕಡಲೆಕಾಯಿ ಹಿಂಡಿಯನ್ನು ಮಾತ್ರ ಮುರಿದು ಮೂಸಿ ನೋಡಿ. ಬೂಷ್ಟಿನ ವಾಸನೆ ಬಂದರೆ ತಿಪ್ಪೆಗೂ ಹಾಕದೆ ಹೂಳಿಬಿಡಿ, ಕೋಳಿ ಕೆದಕಿ ತಿಂದರೆ ಈಲಿಗೆ ಹೊಡೆತ. ಗರಿ ಉದುರಿಸುವ ಕಾಲದಲ್ಲಿ ಪ್ರೋಟೀನ್ ಹೆಚ್ಚು ಬೇಕು. ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಹುಳುವನ್ನು ಒಣಗಿಸಿ, ಜಿಡ್ಡು ನಾರುವ ಮೊದಲೇ ಸ್ವಲ್ಪ ಸ್ವಲ್ಪ ಕೊಡಿ.

ನಾಲೆ ಬಯಲಿನಲ್ಲಿರುವವರು ಕಾಲಿನ ಕಡೆ ಇನ್ನಷ್ಟು ಗಮನ ಕೊಡಬೇಕು. ಕೆಸರು ಗರಿಗೆ ಮೆತ್ತಿ, ಬೆರಳ ತುದಿಯಲ್ಲಿ ಗಟ್ಟಿ ಉಂಡೆ ಕಟ್ಟುತ್ತದೆ. ಕಿತ್ತರೆ ಎಳೆಗರಿಯಿಂದ ರಕ್ತ ಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬೆರಳಿನಿಂದ ಮೆಲ್ಲಗೆ ಕರಗಿಸಿ, ಒರೆಸಿ ಒಣಗಿಸಿ. ಹಾಗೆಯೇ ಗರಿ ಸರಿಸಿ ಕಾಲಿನ ಹುರುಪೆ ನೋಡಿ. ಎದ್ದು ನಿಂತು ಬೂದು ಬಣ್ಣಕ್ಕೆ ತಿರುಗಿದ್ದರೆ ಕಣ್ಣಿಗೆ ಕಾಣದ ನುಸಿ ಒಳಗೆ ಸೇರಿದೆ. ಕೆಲವು ವಾರ ಬಿಡದೆ ಕೊಬ್ಬರಿ ಎಣ್ಣೆ ಸವರಿ, ಜೊತೆಯ ಕೋಳಿಗಳಿಗೂ ಸವರಿ. ರಾತ್ರಿ ಕೂರುವ ಕೋಲು ನೆಲದಿಂದ ಒಂದಡಿ ಎತ್ತರದಲ್ಲಿದ್ದರೆ ಸಾಕು. ಇಷ್ಟು ಭಾರದ ಕೋಳಿ ಮೇಲಿಂದ ಧುಮುಕಿದರೆ ಅಂಗಾಲು ಒಡೆದು ಕೀವು ತುಂಬುತ್ತದೆ.