20 ಅಲ್ಲ, 22: ಮೆಂಟರ್ ಆಗಿ ನನ್ನ ಅನುಭವ

ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಗಣಿತ ಪಾಠ ಮಾಡುತ್ತೇನೆ. ಪಾಠದ ಜೊತೆಗೆ ಇಪ್ಪತ್ತು ಮಕ್ಕಳಿಗೆ ಮೆಂಟರ್. ಯಾರ ಹಾಜರಿ ಇಳಿಯಿತು, ಯಾರಿಗೆ ಎಷ್ಟು ಬ್ಯಾಕ್ (ಪಾಸಾಗದ ಪೇಪರ್) ಉಳಿಯಿತು, ಯಾರ ಮನೆಗೆ ಫೋನ್ ಮಾಡಬೇಕು ಎಂದು ನೋಡಿಕೊಳ್ಳುವುದು ಮೆಂಟರ್ ಕೆಲಸ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ರೆಗ್ಯುಲೇಶನ್ನನ್ನು ಸಾಲು ಸಾಲಾಗಿ ಕೂತು ಓದಿದ್ದು ಒಂದು ಪೆಟ್ಟು ತಿಂದ ಮೇಲೆ.

ಡಿಪ್ಲೊಮಾ ಮುಗಿಸಿ ನೇರವಾಗಿ 3ನೇ ಸೆಮಿಸ್ಟರಿಗೆ ಸೇರಿದ್ದ ಹುಡುಗಿ. 2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷ ಬಂದ ಪಠ್ಯಕ್ರಮ ಮತ್ತು ನಿಯಮಗಳಲ್ಲಿ, ಅಂಥವರಿಗೆ 3 ಮತ್ತು 4ನೇ ಸೆಮಿಸ್ಟರಿನಲ್ಲಿ ಹೆಚ್ಚುವರಿ ಗಣಿತದ ಎರಡು ಪೇಪರ್ ಇದ್ದವು. ಅವಕ್ಕೆ ಕ್ರೆಡಿಟ್ (ಪೇಪರಿನ ತೂಕ) ಇಲ್ಲ, ಸಿಜಿಪಿಎಗೆ, ಅಂದರೆ ಎಲ್ಲ ಸೆಮಿಸ್ಟರ್ ಸೇರಿ ಹತ್ತಕ್ಕೆ ಹಾಕುವ ಸರಾಸರಿಗೆ, ಸೇರುವುದಿಲ್ಲ. ಆದರೆ ಪಾಸಾಗದೆ ಡಿಗ್ರಿ ಸಿಗುವುದಿಲ್ಲ. "ಅದಕ್ಕೆ ಕ್ರೆಡಿಟ್ಟೇ ಇಲ್ವಲ್ಲ ಮ್ಯಾಮ್, ಕೊನೆಗೆ ಕಟ್ಟಿ ಬರೀತೀನಿ" ಎಂದಳು. ನಾನೂ ಹೂಂ ಅಂದುಬಿಟ್ಟೆ. ಕೊನೆ ಅನ್ನುವುದು ಬಂದಾಗ ಗೆಳತಿಯರೆಲ್ಲ ಬೆಂಗಳೂರಿಗೆ ಕೆಲಸಕ್ಕೆ ಹೋದರು. ಅವಳು ಆ ಒಂದು ಪೇಪರಿಗಾಗಿ ಮುಂದಿನ ಪರೀಕ್ಷೆವರೆಗೂ ಊರಲ್ಲೇ ಉಳಿದಳು. ಗಣಿತ ಹೇಳಿಕೊಡುವವಳು ನಾನು, ಅವಳಿಗೆ ಉಳಿದದ್ದೂ ಗಣಿತವೇ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಒಂದು ಉದ್ದನೆ ಲೆಡ್ಜರ್ ತಂದೆ. ಒಬ್ಬೊಬ್ಬರಿಗೆ ಎರಡು ಪುಟ. ಸೆಮಿಸ್ಟರ್ ಪ್ರಕಾರ ಎಲ್ಲ ಪೇಪರಿನ ಹೆಸರು, ಕ್ರೆಡಿಟ್, ಇಂಟರ್ನಲ್ಸ್ (ಕಾಲೇಜಿನಲ್ಲೇ ಟೆಸ್ಟು, ಅಸೈನ್‌ಮೆಂಟಿಗೆ ಕೊಡುವ ಅಂಕ), ಪರೀಕ್ಷೆ ಅಂಕ. ಹೋದ ಪೇಪರಿಗೆ ಕೆಂಪು ಪೆನ್ಸಿಲ್, ಪಾಸಾದ ದಿನ ಅದರ ಮೇಲೆ ಹಸಿರು. ಪುಟದ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಆ ಹುಡುಗನ ಸ್ಕೀಮ್ ಯಾವುದೆಂದು ಬರೆಯುತ್ತೇನೆ. ಒಂದು ಸ್ಕೀಮಿನ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. 2018ರ ಸ್ಕೀಮಿನಲ್ಲಿ ಇಂಟರ್ನಲ್ಸ್ 40, ಪರೀಕ್ಷೆ 60. 2022ರ ಸ್ಕೀಮಿನಲ್ಲಿ ಎರಡೂ 50. ಸೀನಿಯರ್ ಹೇಳಿದ್ದನ್ನೇ ನಂಬಿಕೊಂಡು ಜೂನಿಯರ್‌ಗಳು ಕೆಡುವುದು ಇಲ್ಲೇ.

ಕಂಪ್ಯೂಟರಿನಲ್ಲೇ ಇದೆಲ್ಲ ಸಿಗುತ್ತದಲ್ಲ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಸಿಗುತ್ತದೆ, ನಿಜ. ಆದರೆ ಮಗು ಎದುರಿಗೆ ಕೂತು ತನ್ನ ಪುಟದ ಕೆಂಪು ಗುರುತನ್ನು ತಾನೇ ಬೆರಳಿಟ್ಟು ಎಣಿಸಿದಾಗ ಆಗುವ ಅರಿವು ಪರದೆ ಮೇಲೆ ಆಗುವುದಿಲ್ಲ.

ಅರಕಲಗೂಡು ಕಡೆಯ ಹುಡುಗನೊಬ್ಬ, 2022ರ ಸ್ಕೀಮ್, ಮೊದಲ ವರ್ಷದ ರಿಸಲ್ಟ್ ಬಂದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಮೊಬೈಲನ್ನು ನನ್ನ ಮುಂದೆ ಹಿಡಿದ. ಇಂಟರ್ನಲ್ಸ್ 21, ಪರೀಕ್ಷೆ 18, ಒಟ್ಟು 39, ಗ್ರೇಡ್ ಎಫ್, ಅಂದರೆ ಫೇಲ್. "ಮ್ಯಾಮ್, ಇಂಟರ್ನಲ್ಸ್ 20 ದಾಟಿದೆ, ಪರೀಕ್ಷೆಯಲ್ಲಿ ನೂರಕ್ಕೆ 36 ಬಂದಿದೆ. ಎರಡೂ ಪಾಸು. ಮತ್ತೆ ಫೇಲ್ ಹೆಂಗೆ?"

ಅವನು ಹೇಳಿದ ಎರಡೂ ಸರಿಯೇ. ಇಂಟರ್ನಲ್ಸ್‌ನಲ್ಲಿ 50ಕ್ಕೆ 20 ಬೇಕು. ಪರೀಕ್ಷೆ ನೂರು ಅಂಕಕ್ಕೆ ಬರೆದು 50ಕ್ಕೆ ಇಳಿಸುತ್ತಾರೆ, ಅದರಲ್ಲಿ ಶೇ 35, ಅಂದರೆ ಹದಿನೇಳೂವರೆಯನ್ನು ಪೂರ್ಣ ಮಾಡಿ 18 ಬೇಕು. ಮೂರನೆಯದನ್ನು ಅವನಿಗೆ ಯಾರೂ ಹೇಳಿರಲಿಲ್ಲ: ಎರಡೂ ಸೇರಿ 40 ಆಗಬೇಕು. 20ಕ್ಕೆ 18 ಕೂಡಿದರೆ 38. ಎರಡು ಕಡೆಯೂ ಗೆರೆ ಮುಟ್ಟಿದವನು ಕೂಡಿದಾಗ ಬಿದ್ದುಹೋಗುತ್ತಾನೆ. ಹಾಳೆಯ ಹಿಂದೆ ಬರೆದು ತೋರಿಸಿದೆ. ಇಂಟರ್ನಲ್ಸ್ 20 ಇದ್ದರೆ ಪರೀಕ್ಷೆಯಲ್ಲಿ 20, ಅಂದರೆ ನೂರಕ್ಕೆ 40 ತೆಗೆಯಬೇಕು. 21 ಇದ್ದರೆ 19 ಬೇಕು. 22 ಇದ್ದರೆ ಮಾತ್ರ 18 ಸಾಕು. ಅವತ್ತಿನಿಂದ ನನ್ನ ಮಕ್ಕಳಿಗೆ ಇಂಟರ್ನಲ್ಸ್ ಪಾಸಿಂಗ್ 20 ಎಂದು ಹೇಳುವುದನ್ನೇ ಬಿಟ್ಟೆ. 22 ಎನ್ನುತ್ತೇನೆ. ಮೊದಲ ಟೆಸ್ಟ್ ಆದ ವಾರವೇ ಲೆಡ್ಜರ್ ತೆಗೆದು, ಈ ಗತಿಯಲ್ಲಿ ಹೋದರೆ ಯಾರು 22 ಮುಟ್ಟುವುದಿಲ್ಲ ಎಂದು ಪಟ್ಟಿ ಮಾಡುತ್ತೇನೆ. ರಿಸಲ್ಟ್ ಬಂದ ಮೇಲೆ ಮಾಡುವ ಸಮಾಧಾನಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಂದನ್ನು ಮಕ್ಕಳು ಒಂದೇ ಎಂದುಕೊಂಡಿರುತ್ತಾರೆ: ಪರೀಕ್ಷೆಯಲ್ಲಿ ಹೋಗುವುದು, ಇಂಟರ್ನಲ್ಸ್‌ನಲ್ಲಿ ಹೋಗುವುದು. ಪರೀಕ್ಷೆಯಲ್ಲಿ ಹೋದರೆ ಇಂಟರ್ನಲ್ಸ್ ಅಂಕ ಹಾಗೇ ಉಳಿದಿರುತ್ತದೆ, ಫೀಸ್ ಕಟ್ಟಿ ಮತ್ತೆ ಬರೆಯಬಹುದು. ಇಂಟರ್ನಲ್ಸ್‌ನಲ್ಲೇ 20 ಬಾರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಆ ಪೇಪರಿಗೆ ಮತ್ತೆ ಹೆಸರು ಹಚ್ಚಿ ತರಗತಿಗೆ ಕೂರಬೇಕು. ಹಾಜರಿಯೂ ಅಷ್ಟೇ ಕಟ್ಟುನಿಟ್ಟು: ಶೇ 85 ಬೇಕು, ತಕ್ಕ ಕಾರಣವಿದ್ದರೆ 75ರವರೆಗೆ ಮಾಫಿ. ಊರ ಹಬ್ಬ, ಅಕ್ಕನ ಮದುವೆ ಎಂದು ವಾರಗಟ್ಟಲೆ ಹೋಗುವವರಿಗೆ ಇದನ್ನು ಸೆಮಿಸ್ಟರಿನ ಆರಂಭದಲ್ಲೇ ಹೇಳಿಬಿಡುತ್ತೇನೆ.

ಬ್ಯಾಕ್ ಇಟ್ಟುಕೊಂಡು ಮುಂದಿನ ವರ್ಷಕ್ಕೆ ಹೋಗಲೂ ಮಿತಿಯಿದೆ. 2018ರ ಸ್ಕೀಮಿನವರಿಗೆ ಮೊದಲ ವರ್ಷದಿಂದ ಎರಡನೆಯದಕ್ಕೆ ಹೋಗಲು ನಾಲ್ಕಕ್ಕಿಂತ ಹೆಚ್ಚು ಎಫ್ ಇರುವಂತಿರಲಿಲ್ಲ. ಐದಾದರೆ ಇಯರ್ ಬ್ಯಾಕ್. ಐದು ಕೆಂಪು ಗುರುತು ಇದ್ದ ಪುಟ ಸಿಕ್ಕರೆ ನಾನು ಐದಕ್ಕೂ ಓದು ಅನ್ನುತ್ತಿರಲಿಲ್ಲ. "ಈ ಎರಡು ನಿನ್ನ ಕೈಯಲ್ಲಿ ಆಗುತ್ತೆ, ಮೊದಲು ಇವನ್ನು ಕಟ್ಟು" ಎಂದು ಆರಿಸಿ ಕೊಡುತ್ತಿದ್ದೆ. ಐದನ್ನೂ ಹಿಡಿದುಕೊಂಡು ಐದರಲ್ಲೂ ಹೋದವರನ್ನು ಕಂಡಿದ್ದೇನೆ.

ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ವಿಷಯದಲ್ಲಿ ಮಕ್ಕಳಿಗಿಂತ ಮನೆಯವರಿಗೇ ಗೊಂದಲ ಜಾಸ್ತಿ. 2018ರ ಸ್ಕೀಮಿನ ಹುಡುಗನೊಬ್ಬನಿಗೆ ಆರು ಸೆಮಿಸ್ಟರ್ ಮುಗಿದಾಗ ಸಿಜಿಪಿಎ 6.7 ಇತ್ತು. ಶೇ 67, ಫಸ್ಟ್ ಕ್ಲಾಸ್ ಎಂದು ಮನೆಯಲ್ಲಿ ನೆಮ್ಮದಿಯಾಗಿದ್ದರು. ಆದರೆ ಆ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು ಆಮೇಲೆ ಹತ್ತರಿಂದ ಗುಣಿಸಬೇಕು. 6.7 ಅಂದರೆ ಶೇ 59.5. ಕ್ಯಾಂಪಸ್ಸಿಗೆ ಬರುವ ಎಷ್ಟೋ ಕಂಪನಿಗಳು 60 ಕೇಳುತ್ತವೆ, ಅದಕ್ಕೆ 6.75 ಬೇಕು. ಇಬ್ಬರೂ ಕೂತು ಲೆಕ್ಕ ಹಾಕಿದೆವು. 7ನೇ ಸೆಮಿಸ್ಟರಿನ 20 ಕ್ರೆಡಿಟ್‌ನಲ್ಲಿ ಎಸ್‌ಜಿಪಿಎ (ಆ ಒಂದು ಸೆಮಿಸ್ಟರಿನ ಸರಾಸರಿ) 7.1 ಬಂದರೆ ದಾಟುತ್ತಿತ್ತು. ಎಲ್ಲ ಪೇಪರಿಗೂ ಒಂದೇ ಸಮ ಒದ್ದಾಡುವುದು ಬೇಡ, ಕ್ರೆಡಿಟ್ ಜಾಸ್ತಿ ಇರುವುದನ್ನು ಗಟ್ಟಿ ಮಾಡಿಕೋ ಎಂದೆ. ಅವನು ದಾಟಿದ.

ಈಗಿನ ಮಕ್ಕಳಿಗೂ ಕ್ರೆಡಿಟ್‌ನ ತೂಕವನ್ನು ತೋರಿಸುತ್ತೇನೆ. 59 ಬಂದರೆ ಗ್ರೇಡ್ ಪಾಯಿಂಟ್ 6, 60 ಬಂದರೆ 7. ನಾಲ್ಕು ಕ್ರೆಡಿಟ್ ಪೇಪರಿನಲ್ಲಿ ಆ ಒಂದು ಅಂಕಕ್ಕೆ ನಾಲ್ಕು ಪಾಯಿಂಟ್ ವ್ಯತ್ಯಾಸ. 20 ಕ್ರೆಡಿಟ್ ಸೆಮಿಸ್ಟರಿನಲ್ಲಿ ಎಸ್‌ಜಿಪಿಎ 0.2 ಏರುತ್ತದೆ. ಅಸೈನ್‌ಮೆಂಟ್ ಒಂದು ದಿನ ತಡವಾಗಿ ಕೊಟ್ಟು ಅಂಕ ಬಿಡುವವರಿಗೆ ಬೋರ್ಡಿನ ಮೇಲೆ ಇದನ್ನೇ ಬರೆಯುತ್ತೇನೆ.

39 ಬಂದಿದ್ದ ಹುಡುಗ ಮತ್ತೆ ಬರೆದ. ನೂರಕ್ಕೆ 46, ಅಂದರೆ 23. ಮೊದಲಿನ 21 ಸೇರಿ 44. ಹಸಿರು ಪೆನ್ಸಿಲನ್ನು ಅವನ ಕೈಗೇ ಕೊಟ್ಟೆ.

ಕಳೆದ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಅವನ ತಂದೆ ಬ್ಯಾರನ್ (ಸೊಪ್ಪು ಬೇಯಿಸುವ ಮನೆ) ಹತ್ತಿರದಿಂದಲೇ ಫೋನ್ ಮಾಡಿದ್ದರು. "ಮೇಡಮ್ಮೋರೆ, ನಮ್ ಹುಡ್ಗುಂದು ಇನ್ನೆಷ್ಟ್ ಉಳ್ದೈತೆ? ಅವ್ನ್ ಕೇಳುದ್ರೆ ಎಲ್ಲಾ ಸರಿಯೈತೆ ಅಂತಾನೆ."

ಲೆಡ್ಜರ್ ಬಿಚ್ಚಿ ಹೇಳಿದೆ: "ಒಂದೇ ಉಳಿದಿರೋದು ಯಜಮಾನ್ರೇ. ಅದರಲ್ಲಿ ಇಂಟರ್ನಲ್ಸ್ 24 ಇದೆ. ಪರೀಕ್ಷೆಯಲ್ಲಿ ನೂರಕ್ಕೆ 35 ತೆಗೆದರೆ ಆಯ್ತು."

"35 ಅಲ್ವಾ?" ಎಂದು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಪಕ್ಕದಲ್ಲಿದ್ದ ಯಾರಿಗೋ ಆ ಸಂಖ್ಯೆ ಹೇಳಿದ್ದು ನನಗೂ ಕೇಳಿಸಿತು.