ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ನಾನು ಮೊದಲು ಕೇಳುವುದು ಬಾಕಿ ಪಟ್ಟಿ

ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಿಗೆ ವ್ಯವಹಾರದ ಸಲಹೆ ಕೊಡುವುದು ನನ್ನ ಕೆಲಸ. "ಲಾಭ ಬರ್ತಿಲ್ಲ ಸರ್, ಏನಾದ್ರೂ ಮಾಡಿ" ಎಂದೇ ಹೆಚ್ಚಿನವರು ಕರೆಯುತ್ತಾರೆ. ಹೋಗಿ ನೋಡಿದರೆ ಸಿಎನ್‌ಸಿ ಮಷಿನ್‌ಗಳು ಎರಡು ಶಿಫ್ಟ್ ಓಡುತ್ತಿರುತ್ತವೆ. ಆರ್ಡರ್ ಇರುತ್ತದೆ, ಕೆಲಸಗಾರರೂ ಇರುತ್ತಾರೆ. ಕೈಯಲ್ಲಿ ದುಡ್ಡು ಮಾತ್ರ ಇರುವುದಿಲ್ಲ. ಅದಕ್ಕೇ ಲಾಭ-ನಷ್ಟದ ಲೆಕ್ಕ ಆಮೇಲೆ ನೋಡುತ್ತೇನೆ. ಯಾವ ಪಾರ್ಟಿ, ಅಂದರೆ ಮಾಲು ಕೊಂಡ ಕಂಪನಿ, ಎಷ್ಟು ಕೊಡಬೇಕು, ಬಿಲ್ ಆಗಿ ಎಷ್ಟು ದಿನವಾಯಿತು ಎಂಬ ಪಟ್ಟಿ ಮೊದಲು ಕೇಳುತ್ತೇನೆ.

ಮಾಲೀಕರ ಮುಂದೆ ಕೂತು ಹೀಗೆ ಲೆಕ್ಕ ಹಾಕಿ ತೋರಿಸುತ್ತೇನೆ. 10 ಲಕ್ಷದ ಬಿಡಿಭಾಗಕ್ಕೆ ಶೇ 18ರ ಜಿಎಸ್‌ಟಿ ಸೇರಿ 11.80 ಲಕ್ಷದ ಬಿಲ್. ಪಾರ್ಟಿ ದುಡ್ಡು ಕೊಡಲಿ ಬಿಡಲಿ, ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 20ರೊಳಗೆ ತೆರಿಗೆ ಕಟ್ಟಬೇಕು. 15ಕ್ಕೆ ಪಿಎಫ್, ಇಎಸ್‌ಐ. ಅದಕ್ಕೂ ಮೊದಲು ಸಂಬಳ. ಪೇಮೆಂಟ್ 90 ದಿನ ತಡವಾದರೆ ಶೇ 12ರ ಓಡಿ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ) ಬಡ್ಡಿ ಸುಮಾರು 35,000 ರೂಪಾಯಿ. ಆ ಕೆಲಸದಲ್ಲಿ ಉಳಿಯುವುದು ಶೇ 6 ಎಂದಿಟ್ಟುಕೊಂಡರೆ 60,000. ಅರ್ಧಕ್ಕಿಂತ ಜಾಸ್ತಿ ಬ್ಯಾಂಕಿಗೇ ಹೋಯಿತು ಅಲ್ವಾ? ಸಾಲದ್ದಕ್ಕೆ, 90 ದಿನ ದಾಟಿದ ಬಾಕಿಯನ್ನು ಬ್ಯಾಂಕಿನವರು ಸಾಮಾನ್ಯವಾಗಿ ಡ್ರಾಯಿಂಗ್ ಪವರ್‌ಗೆ, ಅಂದರೆ ಎಷ್ಟು ಸಾಲ ತೆಗೆಯಬಹುದು ಎಂಬ ಲೆಕ್ಕಕ್ಕೆ, ಹಿಡಿಯುವುದಿಲ್ಲ. ದುಡ್ಡು ತೀರಾ ಬೇಕಾದ ಹೊತ್ತಿಗೇ ಓಡಿ ಮಿತಿ ಇಳಿಯುತ್ತದೆ.

"ಜೋರಾಗಿ ಕೇಳಿದ್ರೆ ಮುಂದಿನ ಆರ್ಡರ್ ಬರಲ್ಲ ಸರ್" ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ಮಾಡಿ ಕೊಟ್ಟ ಕೆಲಸದ ದುಡ್ಡನ್ನು ಕೈಮುಗಿದು ಕೇಳುವ ಸ್ಥಿತಿ ನನಗೆ ಸಹಿಸಲಾಗುವುದಿಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಸಣ್ಣ ಉದ್ದಿಮೆಗಳ ಕಾಯ್ದೆ, ಸಣ್ಣವರ ಪರವಾಗಿಯೇ ಇದೆ. ದುಡ್ಡು ಕೊಡಲು ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನಕ್ಕಿಂತ ಹೆಚ್ಚಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಕಾಯ್ದೆ ಇದ್ದೂ ಬಹಳ ಕಾಲ ಯಾರೂ ಹೆದರಲಿಲ್ಲ. 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ನಿಯಮ ಸೇರಿತು. ಸಣ್ಣ ಉದ್ದಿಮೆಗೆ ಆ ಅವಧಿಯೊಳಗೆ ಕೊಡದೆ ಮಾರ್ಚ್ ಕೊನೆಗೂ ಬಾಕಿ ಉಳಿಸಿಕೊಂಡರೆ, ಖರೀದಿದಾರರು ಅದನ್ನು ಆ ವರ್ಷದ ಖರ್ಚಿಗೆ ಹಾಕಿ ತೆರಿಗೆ ಇಳಿಸಿಕೊಳ್ಳುವಂತಿಲ್ಲ. 2024ರ ಮಾರ್ಚ್‌ನಲ್ಲಿ ಹಳೇ ಬಾಕಿಗಳು ತಾವಾಗಿಯೇ ಬಂದದ್ದನ್ನು ನಾನು ಕಂಡೆ. "ಉದ್ಯಮ್ ನೋಂದಣಿ ರದ್ದು ಮಾಡಿಸಿ, ಆಗ ಆರ್ಡರ್ ಕೊಡ್ತೀವಿ" ಎಂದವರನ್ನೂ ಕಂಡೆ. ಉದ್ಯಮ್ ಎಂದರೆ ಕೇಂದ್ರ ಸರ್ಕಾರದ ಸಣ್ಣ ಉದ್ದಿಮೆ ನೋಂದಣಿ. ರದ್ದು ಮಾಡಿಸಬೇಡಿ ಎಂದೇ ನಾನು ಹೇಳಿದ್ದು. ಆ ನಂಬರ್ ಇಲ್ಲದೆ ಈ ಕಾಯ್ದೆಯ ಬಲ ನಿಮಗೆ ಸಿಗುವುದು ಕಷ್ಟ.

ನಾನು ಮಾಡಿಸುವ ಕೆಲಸಗಳು ಸಣ್ಣವು. ಮಾಲು ಹೋದ ದಿನವೇ ಬಿಲ್ ಹೋಗಬೇಕು, ತಿಂಗಳ ಕೊನೆಗೆ ಒಟ್ಟಿಗೆ ಅಲ್ಲ. ಬಿಲ್ ಮೇಲೆ ಉದ್ಯಮ್ ನಂಬರ್, ಕೊಡಬೇಕಾದ ತಾರೀಖು. ಮಾಲಿನ ಜೊತೆ ಹೋಗುವ ಚಲನ್ ಮೇಲೆ ಖರೀದಿದಾರರ ಗೇಟಿನ ಸೀಲು, ತಾರೀಖು ಬೇಕೇ ಬೇಕು. ಮಾಲು ತಲುಪಿ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡಂತೆ. "ಇನ್ನೂ ಕ್ಯೂಸಿ (ಗುಣಮಟ್ಟದ ಪರೀಕ್ಷೆ) ಆಗಿಲ್ಲ" ಎಂಬ ಮಾತು ಆಮೇಲೆ ನಡೆಯುವುದಿಲ್ಲ. ಇನ್ನೊಂದು ವಿಷಯ, ಪರ್ಚೇಸ್‌ನವರಿಗೆ ಫೋನ್ ಮಾಡಿ ಸುಮ್ನೆ ಕೂರಬೇಡಿ. ಚೆಕ್ ಬರೆಯುವುದು ಅಕೌಂಟ್ಸ್‌ನವರು. ಬಿಲ್ ಅವರ ಸಿಸ್ಟಂನಲ್ಲಿ ಹತ್ತಿದೆಯೇ ಎಂದು ವಾರದೊಳಗೆ ಕೇಳಿದರೆ ಅರ್ಧ ತೊಂದರೆ ಅಲ್ಲೇ ಸಿಕ್ಕಿಬೀಳುತ್ತದೆ. ಪಿಒ (ಪರ್ಚೇಸ್ ಆರ್ಡರ್) ನಂಬರ್ ತಪ್ಪು, ದರದಲ್ಲಿ ವ್ಯತ್ಯಾಸ, ಹೀಗೇ ಏನೋ ಒಂದು.

ಇಷ್ಟಾದರೂ ಬರದಿದ್ದರೆ ಇಂಥ ಬಾಕಿ ವ್ಯಾಜ್ಯ ಬಗೆಹರಿಸಲು ರಾಜ್ಯ ಸರ್ಕಾರ ಇಟ್ಟಿರುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ದೂರು. ಮೊದಲು ರಾಜಿ ಮಾತುಕತೆ, ಆಮೇಲೆ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ತೀರ್ಪು. ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಖರೀದಿದಾರರು ಶೇ 75ರಷ್ಟು ಹಣ ಠೇವಣಿ ಇಡಬೇಕು. ವ್ಯವಹಾರ ಮುರಿದುಬಿದ್ದ ಪಾರ್ಟಿಗೆ ಮಾತ್ರ ನಾನು ಈ ದಾರಿ ಹೇಳುತ್ತೇನೆ.

ಬಾಕಿ ಪಟ್ಟಿ ಸಿಕ್ಕ ಮೇಲೆ ಎರಡನೇ ಪಟ್ಟಿಯನ್ನೂ ಕೇಳುತ್ತೇನೆ. ನೀವು ಯಾರಿಗೆ ಕೊಡಬೇಕು? ಆಗ ಮಾಲೀಕರು ಸ್ವಲ್ಪ ತಡೆಯುತ್ತಾರೆ. ಪ್ಲೇಟಿಂಗ್‌ನವರು, ಹೀಟ್ ಟ್ರೀಟ್‌ಮೆಂಟ್‌ನವರು, ಹಿಂದಿನ ಬೀದಿಯಲ್ಲಿ ಒಂದೇ ಲೇತ್ ಇಟ್ಟುಕೊಂಡವರು ಆ ಪಟ್ಟಿಯಲ್ಲಿರುತ್ತಾರೆ. ಅವರೂ ನೋಂದಣಿ ಮಾಡಿಸಿದ್ದರೆ 45 ದಿನದ ಮಾತು ನಿಮಗೂ ಅನ್ವಯ. ದೊಡ್ಡ ಕಂಪನಿಯಿಂದ ದುಡ್ಡು ಬಂದ ದಿನ ಮೊದಲ ಪೇಮೆಂಟ್ ಆ ಲೇತ್‌ನವರಿಗೇ ಹೋಗಬೇಕು ಎಂದು ಪಟ್ಟು ಹಿಡಿಯುತ್ತೇನೆ. ಒಪ್ಪಿದವರ ಕೆಲಸವನ್ನು ಮಾತ್ರ ಮುಂದುವರಿಸುತ್ತೇನೆ.