ಅಮೆರಿಕದ ಚರ್ಚು ಮತ್ತು ಚುನಾವಣೆ: ಹೊಸದಾಗಿ ಬಂದವರಿಗೆ

ಇಲ್ಲಿ ದೇಶದ ಚುನಾವಣೆಯಲ್ಲಿ ಓಟು ಹಾಕೋಕೆ ಪೌರತ್ವ ಬೇಕು. ಆದರೆ ಧರ್ಮ ಮತ್ತು ರಾಜಕೀಯದ ನಂಟು ಅಷ್ಟು ದಿನ ಕಾಯುವುದಿಲ್ಲ. ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಿದ ಕೂಡಲೇ ಎದುರಾಗುತ್ತದೆ.

ಬೆಳಿಗ್ಗೆ ಮಕ್ಕಳು ಎದೆಯ ಮೇಲೆ ಕೈಯಿಟ್ಟು, ಬಾವುಟ ನೋಡುತ್ತಾ ‘ಪ್ಲೆಡ್ಜ್’, ಅಂದರೆ ದೇಶನಿಷ್ಠೆಯ ಪ್ರತಿಜ್ಞೆ, ಹೇಳುತ್ತಾರೆ. ಅದರಲ್ಲಿ ‘ಅಂಡರ್ ಗಾಡ್’ (ದೇವರ ಅಡಿಯಲ್ಲಿ) ಅಂತ ಬರುತ್ತದೆ. ಈ ಮಾತು ಮೊದಲು ಇರಲಿಲ್ಲ. ದೇವರನ್ನು ನಂಬದ ಸೋವಿಯತ್ ಒಕ್ಕೂಟಕ್ಕಿಂತ ತಾವು ಬೇರೆ ಎಂದು ತೋರಿಸಲು 1954ರಲ್ಲಿ ಸೇರಿಸಿದ್ದು. ನಿಮ್ಮ ಮಗು ಪ್ಲೆಡ್ಜ್ ಹೇಳಲೇಬೇಕು ಅಂತ ಯಾರೂ ಬಲವಂತ ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ 1943ರಲ್ಲೇ ಹಾಗೆ ತೀರ್ಪು ಕೊಟ್ಟಿದೆ. ಸರ್ಕಾರಿ ಶಾಲೆಯೇ ಪ್ರಾರ್ಥನೆ ಮಾಡಿಸುವುದು 1962ರಿಂದ ಸಂವಿಧಾನಕ್ಕೆ ವಿರುದ್ಧ. ಮಗು ತಾನಾಗಿ ಕಣ್ಣು ಮುಚ್ಚಿ ಶ್ಲೋಕ ಹೇಳಿಕೊಂಡರೆ ಅದು ಅದರ ಹಕ್ಕು. ಇದನ್ನು ತಿಳಿದುಕೊಂಡಿರಿ, ಅಂಜಬೇಡಿ.

ಇಲ್ಲಿನ ಎರಡು ದೊಡ್ಡ ಪಕ್ಷಗಳು ರಿಪಬ್ಲಿಕನ್ ಮತ್ತು ಡೆಮಾಕ್ರಟಿಕ್. ಚರ್ಚಿಗೆ ಹೋಗುವವರೆಲ್ಲ ರಿಪಬ್ಲಿಕನ್ನರು ಅಂತ ನಮ್ಮವರು ಬೇಗ ತೀರ್ಮಾನ ಮಾಡಿಬಿಡುತ್ತಾರೆ. ಅದು ತಪ್ಪು. ಬಿಳಿಯ ಇವ್ಯಾಂಜೆಲಿಕಲ್ಲರಲ್ಲಿ (ಬೈಬಲ್ಲಿಗೆ ಕಟ್ಟುನಿಟ್ಟಾಗಿ ಬದ್ಧರಾದ ಪ್ರಾಟೆಸ್ಟೆಂಟರಲ್ಲಿ) ಹೆಚ್ಚಿನವರು ಆ ಕಡೆಗಿದ್ದಾರೆ, ನಿಜ. 1979ರಲ್ಲಿ ಪಾದ್ರಿ ಜೆರ್ರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಎಂಬ ರಾಜಕೀಯ ಸಂಘಟನೆ ಕಟ್ಟಿದ ಮೇಲೆ ಆ ನಂಟು ಇನ್ನೂ ಗಟ್ಟಿಯಾಯಿತು. ಆದರೆ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೂಡ ಪಾದ್ರಿಯೇ ಅಲ್ವಾ? ಅವರು ಬೋಧಿಸುತ್ತಿದ್ದ ಅಟ್ಲಾಂಟಾದ ಎಬೆನೀಜರ್ ಚರ್ಚಿನ ಪಾದ್ರಿ ರಾಫೆಲ್ ವಾರ್ನಾಕ್ ಡೆಮಾಕ್ರಟಿಕ್ ಸೆನೆಟರ್ ಆದರು. ಕ್ಯಾಥೊಲಿಕ್ ಬಿಷಪ್ಪರು ಗರ್ಭಪಾತದ ವಿಷಯದಲ್ಲಿ ರಿಪಬ್ಲಿಕನ್ನರಿಗೆ, ವಲಸಿಗರ ವಿಷಯದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಹತ್ತಿರ. ಅದೇ ಕ್ಯಾಥೊಲಿಕ್ ಎಂಬ ಕಾರಣಕ್ಕೆ ಜನ ಅನುಮಾನಪಟ್ಟಾಗ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾನ್ ಕೆನಡಿ 1960ರಲ್ಲಿ ಹ್ಯೂಸ್ಟನ್ನಿಗೆ ಹೋಗಿ, ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಹಾಗಾಗಿ ಪಕ್ಕದ ಮನೆಯವರ ಶಿಲುಬೆ ನೋಡಿ ಅವರ ಓಟು ಊಹಿಸಬೇಡಿ. ಚರ್ಚಿನ ಊಟಕ್ಕೆ ಕರೆದರೆ ಖುಷಿಯಿಂದ ಹೋಗಿ. ನಿಮ್ಮ ನಂಬಿಕೆ ಏನು ಅಂತ ಕೇಳಿದರೆ ನೇರವಾಗಿ ಹೇಳಿ. ಇಲ್ಲಿ ಅದನ್ನು ಮುಚ್ಚಿಡಬೇಕಾಗಿಲ್ಲ.

ಸಂವಿಧಾನದ ಪ್ರಕಾರ ಯಾವ ಹುದ್ದೆಗೂ ಇಂಥದೇ ಧರ್ಮ ಅಂತ ಷರತ್ತಿಲ್ಲ. 2013ರಲ್ಲಿ ಹಿಂದೂ ಧರ್ಮದ ತುಲಸಿ ಗಬ್ಬಾರ್ಡ್ ಭಗವದ್ಗೀತೆಯ ಮೇಲೆ ಕೈಯಿಟ್ಟು ಸಂಸತ್ತಿನ ಪ್ರಮಾಣ ತೆಗೆದುಕೊಂಡರು.

ಕನ್ನಡ ಕೂಟದ ಅಥವಾ ದೇವಸ್ಥಾನದ ಸಮಿತಿಗೆ ಸೇರುವವರಿಗೆ ಇನ್ನೊಂದು ಮಾತು. ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ಅಭ್ಯರ್ಥಿಯ ಪರವಾಗಿ ಪ್ರಚಾರ ಮಾಡಬಾರದು ಎಂಬ ನಿಯಮ 1954ರಿಂದ ಇದೆ. ಚರ್ಚಿನಷ್ಟೇ ದೇವಸ್ಥಾನಕ್ಕೂ, ಅಂಥ ವಿನಾಯಿತಿ ಇರುವ ಕನ್ನಡ ಕೂಟಕ್ಕೂ ಅನ್ವಯಿಸುತ್ತದೆ. ನಮ್ಮ ರಾಜ್ಯೋತ್ಸವವೂ ಇಲ್ಲಿನ ಚುನಾವಣೆಯೂ ನವೆಂಬರಿನ ಆರಂಭದಲ್ಲೇ ಬರುತ್ತವೆ. ಅಭ್ಯರ್ಥಿಗಳು ವೇದಿಕೆ ಹತ್ತಲು ಕೇಳಬಹುದು. ಒಬ್ಬರಿಗೆ ಮೈಕು ಕೊಟ್ಟರೆ ಎದುರಾಳಿಗೂ ಅಷ್ಟೇ ಹೊತ್ತು ಕೊಡಿ. ಅದಕ್ಕೂ ಮೊದಲು ಕೂಟದ ಲೆಕ್ಕಪತ್ರ ನೋಡುವವರನ್ನು ಒಮ್ಮೆ ಕೇಳಿಬಿಡಿ.